ಬೆವರು ಹಚ್ಚುವ ಕೆಲಸ

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ನೀರಿನ ಟ್ಯಾಂಕರ್ ಹೊರಟುಹೋಯಿತು. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಸ್ವಲ್ಪ ದೂರದಲ್ಲಿ, ಒಂದು ಬೋಳು ದಿಬ್ಬದ ಬುಡದಲ್ಲಿ ನಮ್ಮ ದೆವ್ವದ ಸಿನಿಮಾದ ಶೂಟಿಂಗ್ ನಡೆದಿತ್ತು. ಏಪ್ರಿಲ್ ತಿಂಗಳ ಬಿಸಿಲು. ಪ್ರೊಡಕ್ಷನ್ ಮ್ಯಾನೇಜರ್ ಚಾಲಕನ ಕಿಟಕಿಯ ಬಳಿ ನಿಂತು ಏನೋ ಹೇಳಿದ, ಟ್ಯಾಂಕರ್ ತಿರುಗಿಕೊಂಡಿತು, ಧೂಳೆದ್ದಿತು. ನಾನು ವಾಚ್ ನೋಡಿಕೊಂಡೆ. ಟ್ಯಾಂಕರ್ ಹೋದರೆ ಮೇಕಪ್‌ನವನು ಯಾಕೆ ವಾಚ್ ನೋಡಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಾನೀಗ ಕೆಲಸ ಬಿಟ್ಟು ಹೊನ್ನಾಳಿಯ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಯಾವ ಬ್ರಷ್ ಒಳ್ಳೆಯದು, ಸಿಲಿಕೋನ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅವೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದಿರುವುದು ಒಂದೇ. ಬಣ್ಣದ ಕೆಳಗೆ ಒಂದು ಮೈ ಇರುತ್ತದೆ, ಬಣ್ಣ ಅಳಿಸುವವರೆಗೆ ಆ ಮೈ ನಿಮ್ಮ ಹೊಣೆ. ನನಗೆ ಇದು ಗೊತ್ತಾದದ್ದು ನ್ಯಾಮತಿಯ ಹಾಲೇಶಣ್ಣನಿಂದ.

ಬಿ.ಎಸ್ಸಿ. ಮುಗಿಸಿ ಕೆಲಸ ಸಿಗದೆ ಚನ್ನಗಿರಿಯಲ್ಲಿ ಸೋದರಮಾವನ ಅಂಗಡಿ ಸೇರಿಕೊಂಡಿದ್ದೆ. ನಾಟಕದ ಪರದೆ, ಡ್ರೆಸ್ಸು, ಕಿರೀಟಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಪರದೆಯ ಜೊತೆ ನಾನೂ ಊರೂರಿಗೆ ಹೋಗಿ ಗೌಡರು, ಮೇಷ್ಟ್ರುಗಳ ಮುಖಕ್ಕೆ ಬಣ್ಣ ಬಳಿಯುತ್ತಿದ್ದೆ. ಸಂತೇಬೆನ್ನೂರಿನ ಒಂದು ನಾಟಕಕ್ಕೆ ಯಮನ ಪಾರ್ಟು ಮಾಡಲು ಹಾಲೇಶಣ್ಣ ಬಂದ. ನನಗಿಂತ ಐದಾರು ವರ್ಷ ದೊಡ್ಡವನು. ತಲೆಯ ಮೇಲೆ ಅಲ್ಲಲ್ಲಿ ನಾಲ್ಕು ಕೂದಲು. ಹುಬ್ಬಿಲ್ಲ, ರೆಪ್ಪೆಯಲ್ಲಿ ಕೂದಲಿಲ್ಲ. ಕಣ್ಣಿನ ಸುತ್ತ ಸುಕ್ಕುಗಟ್ಟಿದ ಕಪ್ಪು ಚರ್ಮ. ಬಾಯಲ್ಲಿ ಮೊಳೆಯಂತೆ ಚೂಪಾದ ಕೆಲವೇ ಹಲ್ಲು. ಒಳಗೆ ಬಂದವನು ಯಾರನ್ನೂ ಮಾತಾಡಿಸದೆ ಕುಡಿಯುವ ನೀರಿನ ಕೊಡವನ್ನೆತ್ತಿ ಅಂಗಿಯ ಸಮೇತ ತಲೆಯ ಮೇಲೆ ಸುರಿದುಕೊಂಡ.

"ಏನಪ್ಪಾ ನೀನು, ಕುಡಿಯಾಕೆ ಇಟ್ಟಿದ್ ನೀರು ಅದು" ಎಂದು ನಮ್ಮ ಮಾವ ರೇಗಿದರು.

"ನಾನೂ ಕುಡೀತಾ ಇದೀನಿ ಯಜಮಾನ್ರೆ. ಹೊರಗಡಿಂದ" ಎಂದ.

ದಾವಣಗೆರೆಯ ಡಾಕ್ಟರು ಅದಕ್ಕೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಹೆಸರು ಹೇಳಿದ್ದರಂತೆ. ಬಹಳ ಅಪರೂಪದ್ದು, ಹುಟ್ಟಿನಿಂದ ಬಂದದ್ದು, ಅಂಟುರೋಗವಲ್ಲ. ಕೂದಲು, ಹಲ್ಲುಗಳ ಕೊರತೆ ಎಲ್ಲರಿಗೂ ಕಾಣುತ್ತಿತ್ತು. ಕಾಣದಿದ್ದದ್ದು ಇನ್ನೊಂದು: ಅವನ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇರಲಿಲ್ಲ. ನಾವೆಲ್ಲ ಬೆವರಿ ತಣ್ಣಗಾಗುತ್ತೇವೆ. ಅವನಿಗೆ ಆ ದಾರಿಯಿಲ್ಲ. ಹೊರಗಿನಿಂದ ನೀರು ಹಾಕಬೇಕು, ಗಾಳಿ ಬೀಸಬೇಕು. ಇಲ್ಲದಿದ್ದರೆ ಮೈಯ ಕಾವು ಏರುತ್ತಲೇ ಹೋಗುತ್ತದೆ, ಕೊನೆಗೆ ಮಿದುಳಿಗೆ ಪೆಟ್ಟು ಬೀಳುತ್ತದೆ, ಜೀವವೂ ಹೋಗಬಹುದು. ಚಿಕ್ಕಂದಿನಲ್ಲಿ ಅವನ ತಾಯಿ ಬೇಸಿಗೆಯಿಡೀ ಅವನನ್ನು ದನಗಳಿಗೆ ನೀರಿಡುವ ಕಲ್ಲುಬಾನಿಯಲ್ಲಿ ಕೂರಿಸಿ ಕೆಲಸ ಮಾಡಿಕೊಳ್ಳುತ್ತಿದ್ದರಂತೆ. "ಎಮ್ಮೆ ಬಂದ್ರೆ ಎದ್ದು ಜಾಗ ಬಿಡ್ತಿದ್ದೆ" ಎನ್ನುತ್ತಿದ್ದ.

ಆ ರಾತ್ರಿ ಸೀನುಗಳ ನಡುವೆ ಅವನ ಮೈಗೆ ನೀರು ಹಾಕುತ್ತಿದ್ದವನು ನಾನೇ. ಆ ನಾಟಕ ನೋಡಿದ ಯಾರೋ ಬೆಂಗಳೂರಿಗೆ ಫೋಟೋ ಕಳಿಸಿ ಅವನಿಗೆ ದೆವ್ವದ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು. "ಈ ಹುಡುಗ ಬಂದ್ರೇನೆ ನಾನು ಬರಾದು, ಇವನಿಗೆ ನನ್ ಮೈ ಗೊತ್ತೈತೆ" ಎಂದು ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದ. ಹೀಗೆ ನಾನು ಸಿನಿಮಾದವನಾದೆ.

ಸೆಟ್ಟಿನಲ್ಲಿ ಪ್ರತಿ ನಟನ ಹಿಂದೆ ಟಚಪ್‌ನವನೊಬ್ಬ ಇರುತ್ತಾನೆ. ಶಾಟ್ ನಡುವೆ ಓಡಿ ಹೋಗಿ ಬೆವರು ಒರೆಸುವುದು ಅವನ ಕೆಲಸ. ನನ್ನ ಕೆಲಸ ಅದರ ತಿರುವುಮುರುವು. ಮೊದಲ ಸಿನಿಮಾದ ಡೈರೆಕ್ಟರ್ ಕ್ಯಾಮರಾಕ್ಕೆ ಕಣ್ಣಿಟ್ಟು ನೋಡಿ ಮುಖ ಕಿವಿಚಿದರು.

"ಏನ್ರೀ ಇವ್ರು, ಬೆಂಕಿ ಮುಂದೆ ನಿಂತು ಮಂತ್ರ ಹೇಳ್ತಾ ಇದಾರೆ, ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಎ.ಸಿ. ರೂಮಲ್ಲಿ ಕೂತಂಗೆ ಕಾಣ್ತಾರೆ."

"ಅವ್ರಿಗೆ ಬೆವರು ಬರಲ್ಲ ಸಾರ್."

"ಬರಲ್ಲ ಅಂದ್ರೆ? ಹಚ್ರೀ."

ಗ್ಲಿಸರಿನ್ನಿಗೆ ನೀರು ಬೆರೆಸಿ ಬ್ರಷ್ಷಿನಿಂದ ಹಣೆಯ ಮೇಲೆ, ಮೂಗಿನ ತುದಿಯಲ್ಲಿ, ಕತ್ತಿನ ಗುಳಿಯಲ್ಲಿ ಹನಿ ಹನಿಯಾಗಿ ಇಟ್ಟೆ. ಹಾಲೇಶಣ್ಣ ಕಣ್ಣು ಮುಚ್ಚಿ ಕೂತಿದ್ದ. "ಬೆವರು ಅಂದ್ರೆ ಹಿಂಗಿರುತ್ತೇನಲೇ ನಾಗ?" ಎಂದು ಕೇಳಿದ. ಇದಕ್ಕಿಂತ ಉಪ್ಪಾಗಿರುತ್ತೆ ಅಂದೆ. ನನ್ನ ಹಣೆಯಿಂದ ಒಂದು ಹನಿ ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡು, "ಹೌದಲ್ಲ" ಎಂದ. ಅಂದಿನಿಂದ ಸುಮಾರು ಮೂವತ್ತು ವರ್ಷ ನನ್ನದು ಅದೇ ಕೆಲಸ. ಕ್ಯಾಮರಾಗೆ ಕಾಣುವಲ್ಲಿ ಸುಳ್ಳು ಬೆವರು ಹಚ್ಚುವುದು, ಕಾಣದಲ್ಲಿ, ಅಂಗಿಯೊಳಗೆ, ಒದ್ದೆ ಬನಿಯನ್ ಹಾಕಿ ಅವನನ್ನು ಬದುಕಿಸಿಟ್ಟುಕೊಳ್ಳುವುದು.

ತಪ್ಪುಗಳಿಗೂ ಲೆಕ್ಕವಿಲ್ಲ. ಚನ್ನಗಿರಿಯ ಕೋಟೆಯಲ್ಲಿ ಒಂದು ಕೊಲೆಯ ದೃಶ್ಯ. ಕಂಪನಿಯ ರಕ್ತದ ಬಾಟಲಿ ಬಂದಿರಲಿಲ್ಲ. ನಾನು ಜಾಣತನ ತೋರಿಸಲು ಹೋಗಿ ಜೋನಿಬೆಲ್ಲಕ್ಕೆ ಕುಂಕುಮದ ಬಣ್ಣ ಕಲಸಿ ಅವನ ಎದೆಯ ತುಂಬ ಬಳಿದೆ. ಹೆಣವಾಗಿ ಬಂಡೆಯ ಮೇಲೆ ಮಲಗಿದ. ಶಾಟ್ ಅರ್ಧವಾಗುವಷ್ಟರಲ್ಲಿ ಕಟ್ಟಿರುವೆ ಸಾಲುಗಟ್ಟಿ ಬಂದವು. ಹೆಣ ಅಲುಗಾಡುವ ಹಾಗಿಲ್ಲ. ಕಟ್ ಎಂದದ್ದೇ ಎದ್ದು ಪಂಚೆ ಕೊಡವುತ್ತ, "ದೆವ್ವ ನೋಡಿ ಜನ ಓಡ್ತಾರೆ, ಇರುವೆ ಮಾತ್ರ ಓಡಲ್ಲ ನೋಡು. ನಾಳೆ ಸ್ವಲ್ಪ ತುಪ್ಪಾನೂ ಹಾಕು" ಎಂದ. ಅವತ್ತಿನಿಂದ ನಾನು ರಕ್ತಕ್ಕೆ ಸಿಹಿ ಬೆರೆಸಿಲ್ಲ.

ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ದೆವ್ವ, ಮಾಂತ್ರಿಕ, ಸ್ಮಶಾನದ ಕಾವಲುಗಾರ, ಇವೇ ಅವನಿಗೆ ಸಿಗುತ್ತಿದ್ದ ಪಾತ್ರಗಳು. ಮೇಕಪ್ ಖರ್ಚು ಉಳಿಯಿತು ಎಂದು ನಿರ್ಮಾಪಕರು ಅವನ ಎದುರಿಗೇ ಹೇಳುತ್ತಿದ್ದರು. ಒಮ್ಮೆ ಮಾತ್ರ, ಹೊನ್ನಾಳಿಯ ಹೊಳೆದಂಡೆಯಲ್ಲಿ ನಡೆದ ಶೂಟಿಂಗಿನಲ್ಲಿ, ಒಬ್ಬ ಸ್ಕೂಲ್ ಮೇಷ್ಟ್ರ ಪಾತ್ರ ಸಿಕ್ಕಿತು. ಎರಡೇ ಮಾತು. ಬೆಳಿಗ್ಗೆಯಿಂದ ಕೂತು ಒಂದೊಂದೇ ಕೂದಲು ಅಂಟಿಸಿ ಹುಬ್ಬು ಮಾಡಿದೆ. ವಿಗ್ ಹಾಕಿದೆ. ಹಲ್ಲಿನ ಸೆಟ್ ಕೂರಿಸಿದೆ. ಅವನು ಕನ್ನಡಿಯನ್ನು ಕೈಯಲ್ಲಿ ಹಿಡಿದು ಮರದ ಕೆಳಗೆ ಹೋಗಿ ಕೂತ. ನಮ್ಮ ಊರಿನ ಹೆಂಗಸೊಬ್ಬರು ಹಾದುಹೋಗುತ್ತ, "ಏನ್ ಟೈಮಾತ್ರೀ ಮೇಷ್ಟ್ರೆ?" ಎಂದು ಕೇಳಿದರು. ಹೇಳಿದ. ಆಕೆ ಹೋದಮೇಲೂ ಆ ಕಡೆಯೇ ನೋಡುತ್ತಿದ್ದ.

ಡೈರೆಕ್ಟರ್ ಬಂದು ನೋಡಿದರು. "ಇದ್ಯಾರ್ರೀ? ಹಾಲೇಶಪ್ಪ ಎಲ್ಲಿ? ಜನಕ್ಕೆ ಗುರುತೇ ಸಿಗಲ್ಲ, ತೆಗೀರಿ ಅದನ್ನೆಲ್ಲ" ಎಂದರು. ಮೇಷ್ಟ್ರ ಪಾತ್ರ ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಪ್ರೇತವಾಯಿತು. ಹುಬ್ಬು ಕೀಳುವಾಗ, "ನಿಧಾನ ಮಾಡಲೇ, ಅವೂ ನನ್ನವೇ ಅನ್ನಂಗಾಗೈತೆ" ಎಂದ.

ಕೆಲಸದ ರೀತಿಯೂ ಬದಲಾಯಿತು. ಮೊದಲೆಲ್ಲ ಹತ್ತಿ, ಗೋಂದು, ರಬ್ಬರ್ ಹಾಲು. ಎಷ್ಟೇ ಹಚ್ಚಿದರೂ ಸಂದುಗಳಿರುತ್ತಿದ್ದವು, ಗಾಳಿಯಾಡುತ್ತಿತ್ತು, ನಾನು ಪಿಚಕಾರಿಯಿಂದ ಒಳಕ್ಕೆ ನೀರು ಬಿಡುತ್ತಿದ್ದೆ. ಆಮೇಲೆ ಸಿಲಿಕೋನ್ ಬಂತು. ನಿಜವಾದ ಚರ್ಮದಂತೆ ಕಾಣುತ್ತದೆ, ಆದರೆ ಮೈಗೆ ಬಾಗಿಲೇ ಬಿಡುವುದಿಲ್ಲ. ಹಾಲೇಶಣ್ಣನ ಕೊನೆಯ ಸಿನಿಮಾದಲ್ಲಿ ಅವನು ಸತ್ತು ಮೇಲೇಳುವ ಮಾಂತ್ರಿಕ. ತಲೆಯಿಂದ ಎದೆಯವರೆಗೆ ಸಿಲಿಕೋನ್. ಬೇಡ ಎಂದು ನಾನು ಹೇಳಿದೆ. ಡೈರೆಕ್ಟರ್ ಹೊಸ ಹುಡುಗ, ಒಳ್ಳೆಯವನೇ. "ಒಂದೇ ದಿನ ಸಾರ್, ಮಿಕ್ಕಿದ್ದನ್ನ ಕಂಪ್ಯೂಟರಲ್ಲಿ ಮಾಡ್ತೀವಿ" ಎಂದ. ಹಾಲೇಶಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೆಷ್ಟು ಸಿನಿಮಾ ಕೊಡ್ತಾರೆ ನಂಗೆ? ಇದೊಂದು ಮಾಡ್ಬಿಡಣ" ಎಂದ. ಅರ್ಧ ಗಂಟೆಗೊಮ್ಮೆ ಸೊಂಟದಿಂದ ಕೆಳಗೆ, ಬೆನ್ನಿಗೆ ಟ್ಯಾಂಕರಿನ ನೀರು ಹಾಕುವುದೆಂದು ಒಪ್ಪಂದವಾಯಿತು. ಅದಕ್ಕೇ ನಾನು ಅವತ್ತು ವಾಚ್ ನೋಡಿಕೊಂಡದ್ದು.

ಆವತ್ತಿನದು ಶವಯಾತ್ರೆಯ ದೃಶ್ಯ. ಹೆಣ ಹೊರುವವರು, ಅಳುವವರು ಎಲ್ಲ ಹತ್ತಿರದ ಹಳ್ಳಿಯ ಜನ. ಚಟ್ಟ ಕಟ್ಟಿದವರು ಓಬಳಪ್ಪ ಎಂಬ ಹಿರಿಯರು, ಊರಲ್ಲಿ ಯಾರು ತೀರಿಕೊಂಡರೂ ಕರೆಸಿಕೊಳ್ಳುವವರು. ಸಿನಿಮಾ ಚಟ್ಟವೆಂದು ಅವರು ಹಗುರವಾಗಿ ಕಟ್ಟಲಿಲ್ಲ. ಕೆಟ್ಟದ್ದು ತಾಕದಿರಲೆಂದು ಬಿದಿರಿನ ಕೆಳಗೆ ಒಂದು ಕುಡುಗೋಲು ಸಿಕ್ಕಿಸಿದರು. ಆಮೇಲೆ ಹಾಲೇಶಣ್ಣನ ಎದುರು ಕೂತರು.

"ನೋಡಪ್ಪ, ಜೀವ ಇರೋ ಮನ್ಸನ್ನ ಇದರ ಮ್ಯಾಲೆ ಮಲಗಿಸ್ತಾ ಇದೀವಿ. ನಂದೊಂದು ಮಾತು ನಡೆಸಿಕೊಡಬೇಕು. ಮಲಗಿರೋ ಅಷ್ಟೊತ್ತು ನಿನ್ ಮೈ ಮ್ಯಾಲೆ, ಬಾಯಿಗೆ, ಯಾರೂ ನೀರು ಬಿಡಬಾರ್ದು. ಮಲಗಿದೋರಿಗೆ ನೀರು ಬಿಡಾದು ಯಾವಾಗ ಅಂತ ನಿಂಗೂ ಗೊತ್ತೈತೆ. ಎದ್ದು ಕೂತ್ಕಂಡ ಮ್ಯಾಲೆ ಹಂಡೆಗಟ್ಟಲೆ ಹುಯ್ಕಳಪ್ಪ, ಯಾರ್ ಬ್ಯಾಡ ಅಂತಾರೆ."

ಅವರ ದನಿಯಲ್ಲಿ ಹೆದರಿಸುವ ಧಾಟಿಯಿರಲಿಲ್ಲ. ಸಾಯುವವರ ಬಾಯಿಗೆ ಬಿಡುವ ನೀರು, ಹೆಣಕ್ಕೆ ಹಾಕುವ ನೀರು, ಎರಡೂ ಬದುಕಿರುವವನಿಗೆ ತಾಕಬಾರದು ಎಂಬ ಕಾಳಜಿ ಅಷ್ಟೆ. ಹಾಲೇಶಣ್ಣ ಕೈ ಮುಗಿದು, "ಆತು ಹಿರೇರೆ. ಎದ್ ಮ್ಯಾಲೇ ಹಾಕಿಸ್ಕಂತೀನಿ" ಎಂದ. ಪ್ರತಿ ಶಾಟ್ ಆದಮೇಲೆ ಎಬ್ಬಿಸಿ ಕೂರಿಸಿ ನೀರು ಹಾಕಿದರಾಯಿತು ಎಂದು ನಾನೂ ಸುಮ್ಮನಾದೆ. ಬೆಳಗಿನಿಂದ ಹಾಗೇ ನಡೆಯಿತು. ನಡುವೆ ಅವನು ಚೆನ್ನಾಗಿದ್ದಾನೆಂದು ತಿಳಿಯಲು ನಮ್ಮಿಬ್ಬರ ನಡುವೆ ಒಂದು ಗುರುತಿತ್ತು. ನಾನು ಕೆಮ್ಮಿದರೆ ಅವನು ಬಲಗೈ ಹೆಬ್ಬೆರಳು ಅಲುಗಿಸಬೇಕು.

ಟ್ಯಾಂಕರ್ ಹೋದದ್ದು ಸಂಜೆಯ ಮಳೆಯ ದೃಶ್ಯಕ್ಕೆ ತುಂಬಿಕೊಂಡು ಬರಲು. ಅರ್ಧ ತಾಸಿನಲ್ಲಿ ಬರುತ್ತದೆ ಎಂದ ಮ್ಯಾನೇಜರ್. ಅಷ್ಟರಲ್ಲಿ ಶವಯಾತ್ರೆ ದಿಬ್ಬ ಹತ್ತುವ ಉದ್ದನೆಯ ಶಾಟ್ ಶುರುವಾಗಿತ್ತು. ಒಮ್ಮೆ ಡ್ರೋನ್ ಕೈಕೊಟ್ಟಿತು, ಇನ್ನೊಮ್ಮೆ ಯಾರೋ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ಅವರನ್ನ ಇಳಿಸಬೇಡಿ, ಹಾಗೇ ಇರಲಿ, ತಕ್ಷಣ ಮತ್ತೊಂದು" ಎಂದು ಡೈರೆಕ್ಟರ್ ಮೈಕಿನಲ್ಲಿ ಕೂಗಿದ. ನಾನು ಚಟ್ಟದ ಪಕ್ಕದಲ್ಲಿ ನಡೆಯುತ್ತ ಕೆಮ್ಮಿದೆ. ಹೆಬ್ಬೆರಳು ಅಲುಗಿತು. ಮತ್ತೆ ಹತ್ತಿದರು, ಮತ್ತೆ ಕೆಮ್ಮಿದೆ. ಅಲುಗಿತು, ಆದರೆ ಹೊರುವವರ ನಡಿಗೆಗೆ ಅಲುಗಿತೋ ಅವನೇ ಅಲುಗಿಸಿದನೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಶಾಟ್ ಓಕೆ ಆಯಿತು. ಚಟ್ಟ ಇಳಿಸಿದರು. ಅಪಶಕುನ ಕಳೆಯಲೆಂದು ಹೆಣದ ಪಾತ್ರ ಮಾಡಿದವರನ್ನು ಕೊನೆಗೆ ಕ್ಯಾಮರಾ ಮುಂದೆ ನಗಿಸುವುದು ಸಿನಿಮಾದವರ ಪದ್ಧತಿ. ಎಲ್ಲರೂ ಸುತ್ತ ನಿಂತು, "ನಗ್ರೀ ಹಾಲೇಶಪ್ಪ, ನಗ್ರೀ" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಅವನು ನಗಲಿಲ್ಲ. ನಾನು ಸಿಲಿಕೋನಿನ ಅಂಚಿನೊಳಗೆ ಬೆರಳು ತೂರಿಸಿ ಕತ್ತು ಮುಟ್ಟಿದೆ. ಒಲೆಯ ಮೇಲಿನ ಹಂಚು ಮುಟ್ಟಿದಂತಾಯಿತು. ಕಣ್ಣು ಅರ್ಧ ತೆರೆದಿತ್ತು. "ಬಾಗ್ಲು ಹಾಕಲೇ, ಎಮ್ಮೆ ಬರ್ತೈತೆ" ಎಂದ. ಅದೇ ಅವನು ಸ್ಪಷ್ಟವಾಗಿ ಆಡಿದ ಕೊನೆಯ ಮಾತು.

"ನೀರು, ನೀರು ತರ್ರಿ" ಎಂದು ಕೂಗಿದೆ. ಟ್ಯಾಂಕರ್ ಬಂದಿರಲಿಲ್ಲ. ಅಳುವ ಪಾತ್ರದ ಹೆಂಗಸರ ಬಳಿ ಕುಡಿಯಲು ತಂದ ಕೊಡಗಳಿದ್ದವು. ಯಾರೂ ಮುಂದೆ ಬರಲಿಲ್ಲ. ಈಗ ಅವರು ನಿಜವಾಗಿಯೂ ಅಳುತ್ತಿದ್ದರು.

"ಮೊದ್ಲು ಎಬ್ಬಿಸ್ರಿ ಅವರ್ನ, ಎಬ್ಬಿಸಿ ಹಾಕ್ರಿ" ಎಂದರು ಅವರಲ್ಲೊಬ್ಬರು.

ಎಬ್ಬಿಸಿದರೆ ಮೂಟೆಯಂತೆ ಕುಸಿಯುತ್ತಿದ್ದ. ನಾನು ಒಂದು ಕೊಡಕ್ಕೆ ಕೈ ಹಾಕಿದೆ. ಓಬಳಪ್ಪ ನನ್ನ ರಟ್ಟೆ ಹಿಡಿದುಕೊಂಡರು.

"ಬ್ಯಾಡಪ್ಪ. ಹೋಗಿಬಿಡ್ತಾನೆ. ನಿಂಗೆ ಕೈಮುಗೀತೀನಿ, ಮಲಗಿಸಿ ಹುಯ್ಯಬ್ಯಾಡ."

ನಾನು ಬಿ.ಎಸ್ಸಿ. ಓದಿದವನು. ಬೆವರಿನ ಗ್ರಂಥಿ, ದೇಹದ ಉಷ್ಣಾಂಶ, ಮಿದುಳು ಎಂದೆಲ್ಲ ಕೂಗಾಡಿದೆ. ಅವರು ನನ್ನನ್ನು ದುಃಖದಲ್ಲಿ ಬುದ್ಧಿ ಕೆಟ್ಟವನಂತೆ ನೋಡಿದರು. ಯೂನಿಟ್ಟಿನ ಹುಡುಗರಲ್ಲಿ ಅರ್ಧ ಜನ ಅವರ ಮಾತನ್ನೇ ನಂಬಿ ಹಿಂದೆ ಸರಿದಿದ್ದರು, ಇನ್ನರ್ಧ ಕಾರು ತರಲು ಓಡಿದ್ದರು. ಆ ಜಾಗದಲ್ಲಿ ಹಾಲೇಶಣ್ಣನ ಸಾವನ್ನು ಬಯಸುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಅವನನ್ನು ಉಳಿಸಲೆಂದೇ ನೀರು ತಡೆದು ನಿಂತಿದ್ದರು. ಮಕ್ಕಳೇ, ನಾನು ಎಷ್ಟೋ ದೆವ್ವದ ದೃಶ್ಯಗಳಿಗೆ ಬಣ್ಣ ಹಚ್ಚಿದ್ದೇನೆ, ಅದಕ್ಕಿಂತ ಭಯಂಕರವಾದದ್ದನ್ನು ಕಂಡಿಲ್ಲ.

ಎಷ್ಟು ಹೊತ್ತು ಹಾಗೆ ಹೋಯಿತೋ. ಇದ್ದಕ್ಕಿದ್ದಂತೆ ನಾನು ವಾದ ನಿಲ್ಲಿಸಿ ಅವನನ್ನು ಚಟ್ಟದಿಂದ ನೆಲಕ್ಕೆ ಎಳೆದೆ. ಅವನ ಬೆನ್ನ ಹಿಂದೆ ಕಾಲು ಚಾಚಿ ಕೂತೆ. ಕಂಕುಳಲ್ಲಿ ಕೈಹಾಕಿ ಎತ್ತಿ ನನ್ನ ಎದೆಗೆ ಒರಗಿಸಿಕೊಂಡೆ. ತಲೆ ನನ್ನ ಭುಜದ ಮೇಲೆ ಬಿತ್ತು. ಗದ್ದ ಹಿಡಿದು ನೆಟ್ಟಗೆ ಮಾಡಿದೆ.

"ಕೂತಾನೆ ನೋಡ್ರಿ. ಈಗ ಹಾಕ್ರಿ."

ಓಬಳಪ್ಪ ಒಂದು ಗಳಿಗೆ ನೋಡಿದರು. ಆಮೇಲೆ, "ಹುಯ್ರಮ್ಮ" ಎಂದರು. ಮೊದಲ ಕೊಡ ಅವರೇ ಸುರಿದರು. ಆಮೇಲೆ ಎಲ್ಲ ಹೆಂಗಸರೂ, ಒಬ್ಬರಾದ ಮೇಲೊಬ್ಬರು, ನಮ್ಮಿಬ್ಬರ ತಲೆಯ ಮೇಲೆ ಸುರಿದರು. ಸೆರಗಿನಿಂದ ಗಾಳಿ ಬೀಸಿದರು. ನಾನು ಉಗುರಿನಿಂದಲೇ ಸಿಲಿಕೋನ್ ಹರಿದೆ. ಚರ್ಮವೂ ಒಂದಿಷ್ಟು ಕಿತ್ತು ಬಂತು. ಕಾರಿನಲ್ಲೂ ಅವನನ್ನು ಹಾಗೇ ಕೂರಿಸಿಕೊಂಡು ಜಗಳೂರಿಗೆ, ಅಲ್ಲಿಂದ ದಾವಣಗೆರೆಗೆ ಒಯ್ದೆವು.

ಜೀವ ಉಳಿಯಿತು. ನಾಲಗೆ ಮಾತ್ರ ತೊದಲಾಯಿತು. ಕೈ ನಡುಗುತ್ತದೆ. ನಡೆದರೆ ದೋಣಿಯಲ್ಲಿ ನಿಂತವನಂತೆ ತೂಗುತ್ತಾನೆ. ಇನ್ನು ಸ್ವಲ್ಪ ಬೇಗ ತಂಪು ಮಾಡಿದ್ದರೆ ಎಂದು ಡಾಕ್ಟರು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಸಿನಿಮಾವನ್ನು ಬೇರೊಬ್ಬನನ್ನು ಹಾಕಿಕೊಂಡು, ಮುಖವನ್ನು ಕಂಪ್ಯೂಟರಿನಲ್ಲಿ ಅಂಟಿಸಿ ಮುಗಿಸಿದರಂತೆ. ನಾನು ನೋಡಿಲ್ಲ. ಮೇಕಪ್ ಪೆಟ್ಟಿಗೆ ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಅಂದಿನಿಂದ ನನಗೆ ನಿದ್ದೆಯೇ ಇಲ್ಲವಾಯಿತು. ಕಣ್ಣು ಹತ್ತಿದ ಕೂಡಲೇ ಹೆಬ್ಬೆರಳು ಕಾಣಿಸುತ್ತಿತ್ತು. ಅಲುಗುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದಂತೆ ಎಚ್ಚರ. ಎದ್ದು ಕೂತು ಮತ್ತೆ ಅದೇ ಲೆಕ್ಕ. ಕೂಗಾಡುವ ಬದಲು ಮೊದಲೇ ಅವನ ಹಿಂದೆ ಕೂತಿದ್ದರೆ? ಮಾತ್ರೆ ತೆಗೆದುಕೊಂಡೆ, ಪ್ರಯೋಜನವಾಗಲಿಲ್ಲ. ಹಾಲೇಶಣ್ಣ ನ್ಯಾಮತಿಯಲ್ಲಿ ಅಕ್ಕ ಗಂಗಮ್ಮನ ಜೊತೆ ಇದ್ದ. ನಾನು ಹೊನ್ನಾಳಿಯಿಂದ ಬಸ್ಸು ಹಿಡಿದು ಆಗಾಗ ಹೋಗಿ ಕೂತು ಬರುತ್ತಿದ್ದೆ. ಆ ದಿನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನಿಗೆ ಏನೂ ನೆನಪಿರಲಾರದು ಎಂದುಕೊಂಡಿದ್ದೆ. ನೆನಪಿದ್ದರೆ ನನ್ನ ಬಗ್ಗೆ ಏನಂದುಕೊಂಡಿದ್ದಾನೋ ಎಂಬ ಹೆದರಿಕೆಯೂ ಇತ್ತು.

ಹೋದ ವರ್ಷ ಮಳೆ ಶುರುವಾದ ಮೇಲೆ ಒಂದು ದಿನ ಅವನ ಮನೆಯಲ್ಲಿ ಕೂತಿದ್ದಾಗಲೇ ನನಗೆ ಮೈ ಬಿಸಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಚಾಪೆಯ ಮೇಲೆ ಬಿದ್ದುಕೊಂಡೆ. ಊರ ತುಂಬ ಜ್ವರವಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಿ ಎಂದು ಹೇಳಿಹೋದರು. ಹಾಲೇಶಣ್ಣ ತೂಗಾಡುತ್ತ ಹೋಗಿ ತನ್ನದೇ ಬಕೆಟ್ಟು, ತನ್ನದೇ ಚೊಂಬು ತಂದಿಟ್ಟ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

ಗಂಗಮ್ಮ ಬಾಗಿಲಲ್ಲಿ ನಿಂತು ಗದರಿದರು. "ಏ ಹಾಲೇಶ, ನಿಂಗೇನು ಬುದ್ಧಿ ಐತೋ ಇಲ್ಲೋ? ಮಲಗಿದೋನ ಮ್ಯಾಲೆ ನೀರು ಹಾಕ್ತಾರೇನೋ?"

ಅವನು ಚೊಂಬು ಕೆಳಗಿಟ್ಟ. ಗೋಡೆ ಹಿಡಿದು ನನ್ನ ತಲೆಯ ಹಿಂದೆ ಬಂದ. ಕಾಲು ಚಾಚಿ ಕೂರಲು ಬಹಳ ಹೊತ್ತು ಬೇಕಾಯಿತು. ಕಂಕುಳಲ್ಲಿ ಕೈಹಾಕಿ ನನ್ನನ್ನು ಎತ್ತಿ ಎದೆಗೆ ಒರಗಿಸಿಕೊಂಡ. ನಡುಗುವ ಕೈಯಿಂದ ನನ್ನ ಗದ್ದ ಹಿಡಿದು ನೆಟ್ಟಗೆ ಮಾಡಿದ.

"ಕೂ... ಕೂತಾನೆ ನೋಡ್ರಿ" ಎಂದ. "ಈಗ ಹಾಕ್ರಿ."

ಗಂಗಮ್ಮ, "ಇದೇನು ನಾಟ್ಕನೋ ಮಾರಾಯ" ಎನ್ನುತ್ತ ಒದ್ದೆ ಬಟ್ಟೆ ಹಿಂಡಿ ನನ್ನ ನೆತ್ತಿಯ ಮೇಲೆ ಹಾಕಿದರು. ನೀರು ಕುತ್ತಿಗೆಯಿಂದ ಇಳಿದು ಅವನ ಅಂಗಿಗೂ ಹಬ್ಬಿತು. ಅವನ ಎದೆ ನನ್ನ ಬೆನ್ನಿಗೆ ತಾಗಿತ್ತು. ಬಿಸಿಯಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಜ್ವರ ಬಿಟ್ಟು ನನ್ನ ಹಣೆಯ ಮೇಲೆ ಬೆವರು ಒಡೆಯಿತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ನಿಧಾನವಾಗಿ ಒರೆಸಿದ. "ಟಚಪ್ಪು" ಎಂದು ನಕ್ಕ. ಅಷ್ಟು ಜನ ಸುತ್ತ ನಿಂತು ಕೇಳಿದಾಗ ಬಾರದ ನಗು. ಅಲ್ಲೇ, ಅವನ ಚಾಪೆಯ ಪಕ್ಕದಲ್ಲಿ, ನಾನು ಮಲಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು.